ಸಾಲದ ಲೆಕ್ಕ ಬರೆದೆವು, ದುಡಿಮೆಯ ಲೆಕ್ಕ ಬರೆಯಲಿಲ್ಲ

ನಮ್ಮ ಸಂಘದ ಲೆಕ್ಕದ ಪುಸ್ತಕ ಬರೆಯುವವಳು ನಾನು. ಸಪ್ತಾಪುರದ ಒಂದು ಓಣಿಯಲ್ಲಿ ವಾರಕ್ಕೊಮ್ಮೆ ಸಂಜೆ ಹದಿನೈದು ಜನ ಕೂಡುತ್ತೇವೆ. ಉಳಿತಾಯ ಎಷ್ಟು ಬಂತು, ಸಾಲ ಯಾರಿಗೆ, ಯಾತಕ್ಕೆ, ಕಂತು ಎಷ್ಟು, ಎಲ್ಲವನ್ನೂ ಬರೆಯುತ್ತೇನೆ. ಅಕ್ಷರ ದುಂಡಗಿದೆ ಎಂದು ಬ್ಯಾಂಕಿನವರೂ ಹೊಗಳಿದ್ದಾರೆ. ಅದೇ ದುಂಡಗಿನ ಅಕ್ಷರದಲ್ಲಿ ನಾನು ಒಂದು ಸುಳ್ಳನ್ನೂ ಬರೆದಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಸದಸ್ಯೆಯೊಬ್ಬಳು ಸಾಲ ಕೇಳಿದಳು. "ಯಾತಕ್ಕ?" ಅಂದೆ. ತಲೆ ಕೆಳಗೆ ಹಾಕಿ ಸುಮ್ಮನೆ ಕೂತಳು. ಬಾಜೂಕ ಕೂತವಳು, "ಎಮ್ಮಿಗೆ ಅಂತ ಬರೀರಿ ಅಕ್ಕಾರ" ಅಂದಳು. ಅವರದು ಒಂದು ಕೋಣೆಯ ಬಾಡಿಗೆ ಮನೆ, ಎಮ್ಮೆ ಕಟ್ಟಲು ಜಾಗವೇ ಇಲ್ಲ. ಮುಂದಿನ ತಿಂಗಳು ಅವಳ ಮಗಳ ಮದುವೆ ಇತ್ತು. ಹುಂಡಾದ ಎರಡನೆಯ ಕಂತು ಬಾಕಿ ಇದೆ ಎಂಬುದು ಹದಿನೈದು ಜನಕ್ಕೂ ಗೊತ್ತಿತ್ತು. ಆದರೂ ನಾನು 'ಎಮ್ಮೆ ಖರೀದಿಗೆ' ಎಂದು ಬರೆದೆ. ಎಲ್ಲರೂ ಸಹಿ, ಹೆಬ್ಬೆಟ್ಟು ಹಾಕಿದೆವು. ಆ ತಾಯಿ ಒಂದೂ ಕಂತು ತಪ್ಪಿಸದೆ ಸಾಲ ತೀರಿಸಿದಳು.

ಹುಡುಗಿಯನ್ನು ಕೊಟ್ಟ ಮನೆಯವರದು ಬೇರೆ ಊರಿನಲ್ಲಿ ಒಂದು ಖಾನಾವಳಿ. ಸೊಸೆ ಬಂದ ಮೇಲೆ ಅವರು ರೊಟ್ಟಿ ಬಡಿಯುವ ಇಬ್ಬರು ಹೆಂಗಸರನ್ನು ಬಿಡಿಸಿದರು. ಹುಡುಗಿ ನಸುಕಿನಲ್ಲಿ ಎದ್ದು ಒಲೆಯ ಮುಂದೆ ಕೂತರೆ ಮಧ್ಯಾಹ್ನದ ಊಟದ ಹೊತ್ತು ಮುಗಿಯುವವರೆಗೆ ಏಳುವಂತಿರಲಿಲ್ಲ. ರಾತ್ರಿ ಮತ್ತೆ ಅದೇ. ಒಂದು ವರ್ಷ ಕಳೆದ ಮೇಲೆ ಮೈಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದಳು. ಇನ್ನಷ್ಟು ಹಣ ತರದೆ ಬರಬೇಡ ಎಂದು ಹೊರಗೆ ಹಾಕಿದ್ದರು.

ಹಿರಿಯರನ್ನು ಕೂಡಿಸಿ ಮಾತುಕತೆ ನಡೆಯಿತು. ನಾನೂ ಹೋಗಿದ್ದೆ. ಗಂಡನ ಕಡೆಯ ಹಿರಿಯರೊಬ್ಬರು, "ಒಂದ ವರ್ಷ ಕೂತ ಉಂಡಾಳ. ಆ ಖರ್ಚ ಯಾರ ಕೊಡ್ತೀರಿ?" ಎಂದರು. ಹುಡುಗಿ ಮೊದಲ ಸಲ ಬಾಯಿ ತೆರೆದಳು. "ದಿನಾ ಎರಡ ನೂರ ರೊಟ್ಟಿ ಬಡದೇನ್ರಿ." ಅವರು ಕೇಳಿದರು: "ಎಲ್ಲೆ ಬರದೈತಿ?"

ತಾಯಿ ತಡೆಯಲಾರದೆ, ಸಂಘದಿಂದ ಸಾಲ ತೆಗೆದು ನಿಮಗೇ ಹುಂಡಾ ಕೊಟ್ಟೆವಲ್ಲ ಎಂದಳು. "ಹಂಗಾರ ಸಂಘದ ಪುಸ್ತಕಾ ತರ್ರಿ, ನೋಡೋಣು" ಎಂದರು. ಪುಸ್ತಕ ನನ್ನ ಚೀಲದಲ್ಲೇ ಇತ್ತು. ಅದರಲ್ಲಿ ಎಮ್ಮೆ ಎಂದು ಇತ್ತು. ನಾನು ಚೀಲ ಬಿಚ್ಚಲಿಲ್ಲ.

ಗೆಳತಿಯರೇ, 'ಎಲ್ಲೆ ಬರದೈತಿ?' ಎಂಬ ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಹೆಂಗಸರ ದುಡಿಮೆ ಎಲ್ಲಿ ಬರೆದಿದೆ?

ಸಪ್ತಾಪುರ ನೋಡದವರಿಗೆ ಒಂದು ಮಾತು. ಧಾರವಾಡದ ಈ ಭಾಗಕ್ಕೆ ಉತ್ತರ ಕರ್ನಾಟಕದ ಊರೂರುಗಳಿಂದ ಮಕ್ಕಳು ಓದಲು ಬರುತ್ತಾರೆ. ಎಲ್ಲಿ ನೋಡಿದರೂ ಪರೀಕ್ಷೆಯ ತರಬೇತಿ ಕೇಂದ್ರ, ಬಾಡಿಗೆ ಕೋಣೆ, ಹಾಸ್ಟೆಲ್, ಮೆಸ್. ಮುಂದೆ ಪೊಲೀಸ್ ಆಗುವವನೂ ತಹಶೀಲ್ದಾರ್ ಆಗುವವಳೂ ಇಲ್ಲಿ ರೊಟ್ಟಿ ಉಂಡೇ ಓದುತ್ತಾರೆ. ಆ ರೊಟ್ಟಿ ಬಡಿಯುವವರು, ಆ ಕೋಣೆ ಗುಡಿಸುವವರು, ಪ್ರಾಧ್ಯಾಪಕರ ಮನೆಯ ಪಾತ್ರೆ ತಿಕ್ಕುವವರು ನಮ್ಮಂಥ ಹೆಂಗಸರು. ಗೋಡೆಯ ಮೇಲೆ ಪಾಸಾದವರ ಫೋಟೋ ಇರುತ್ತವೆ. ಹಂಚಿನ ಮುಂದೆ ಕೂತವಳ ಹೆಸರು ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ.

ನಮ್ಮ ಅವಳಿ ನಗರದ ಕಾರ್ಮಿಕ ಚರಿತ್ರೆ ಎಂದರೆ ಎಲ್ಲರಿಗೂ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಮತ್ತು ಗಿರಣಿ ನೆನಪಾಗುತ್ತವೆ. ದೇಶದಲ್ಲೆಲ್ಲ ನಡೆದ 1974ರ ಮೇ ತಿಂಗಳ ರೈಲ್ವೆ ಮುಷ್ಕರ 20 ದಿನ ನಡೆಯಿತು. ಅದರ ಮುಖಂಡರು ಯಾರು, ಎಷ್ಟು ಜನ ಜೈಲಿಗೆ ಹೋದರು ಎಂಬುದು ಪುಸ್ತಕಗಳಲ್ಲಿದೆ. ಹೋರಾಟ ದೊಡ್ಡದು, ಅದು ಬರೆಯಬೇಕಾದದ್ದೇ. ಆದರೆ ಪಗಾರ ಬಾರದ ಆ ದಿನಗಳಲ್ಲಿ ರೈಲ್ವೆ ಕೆಲಸಗಾರರ ಮನೆಗಳ ಒಲೆ ಹೇಗೆ ಉರಿಯಿತು? ಯಾರ ಬಳೆ ಒತ್ತೆ ಹೋದವು? ಯಾರು ಮಂದಿ ಮನೆಯಲ್ಲಿ ಹಿಟ್ಟು ಬೀಸಿ ಮಕ್ಕಳಿಗೆ ಉಣಿಸಿದರು? ಅದೂ ಮುಷ್ಕರದ ಚರಿತ್ರೆಯೇ ಅಲ್ಲವೆ? ಕೋಲಾರದ ಚಿನ್ನದ ಗಣಿ ಮತ್ತು ಬೆಂಗಳೂರಿನ ಗಿರಣಿಗಳ ಕಾರ್ಮಿಕರ ಬಗ್ಗೆ ಜಾನಕಿ ನಾಯರ್ ಅವರು 1998ರಲ್ಲಿ ಪುಸ್ತಕ ಬರೆದರು. ಅಂಥ ಕೆಲಸ ನಮ್ಮ ಒಲೆಗಳ ಬಗ್ಗೆಯೂ ಆಗಬೇಕು.

ಕಾರ್ಮಿಕರ ಬಗ್ಗೆ ಅಧ್ಯಯನ ಮಾಡುವವರು ಕೇಳುವ ಪ್ರಶ್ನೆಗಳು ಬಹಳ ಸರಳ. ಮಾಲೀಕ ಯಾರು? ಕೆಲಸ ಎಷ್ಟು ತಾಸು? ಕೂಲಿ ಎಷ್ಟು, ಅದು ಯಾರ ಕೈಗೆ ಬೀಳುತ್ತದೆ? ಬೇಡ ಎಂದು ಬಿಟ್ಟುಹೋದರೆ ಏನಾಗುತ್ತದೆ? ಈ ನಾಲ್ಕು ಪ್ರಶ್ನೆಗಳನ್ನು ಆ ಹುಡುಗಿಗೆ ಕೇಳಿ ನೋಡಿ. ಮಾಲೀಕ: ಮಾವ. ತಾಸು: ನಸುಕಿನಿಂದ ರಾತ್ರಿಯವರೆಗೆ. ಕೂಲಿ: ಇಲ್ಲ. ಬಿಟ್ಟುಹೋದರೆ: ಗಂಡ ಬಿಟ್ಟವಳು ಎಂಬ ಹೆಸರು. ಹೊರಗಿನ ಹೆಂಗಸು ಮಾಡಿದಾಗ ಅದೇ ರೊಟ್ಟಿಗೆ ಕೂಲಿ ಇತ್ತು. ಸೊಸೆ ಬಡಿದ ಕೂಡಲೆ ಅದು ಕೆಲಸವೇ ಅಲ್ಲ ಎಂದಾಯಿತು. ಕೂಲಿ ಉಳಿಸಿಕೊಂಡವರೇ ಅವಳಿಂದ ಹುಂಡಾವನ್ನೂ ತೆಗೆದುಕೊಂಡರು.

ಕಾಯ್ದೆಯೂ ಈ ವಿಷಯದಲ್ಲಿ ಹೊಸ್ತಿಲ ಹೊರಗೇ ನಿಂತಿದೆ. 'ಉದ್ಯಮ' ಎಂದರೇನು ಎಂಬ ಪ್ರಶ್ನೆ ನಮ್ಮ ಬೆಂಗಳೂರಿನ ನೀರು ಸರಬರಾಜು ಮಂಡಳಿಯ ನೌಕರರ ಮೊಕದ್ದಮೆಯಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ಮಾತಿಗೆ ವಿಶಾಲವಾದ ಅರ್ಥ ಕೊಟ್ಟಿತು. ಆಸ್ಪತ್ರೆ, ವಿದ್ಯಾಸಂಸ್ಥೆಗಳ ನೌಕರರಿಗೂ ಅದರಿಂದ ಬಾಗಿಲು ತೆರೆಯಿತು. ಆದರೆ 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆ ಮನೆಗೆಲಸದ ಸೇವೆಯನ್ನು ಉದ್ಯಮದ ವ್ಯಾಖ್ಯೆಯಿಂದ ಹೆಸರು ಹೇಳಿಯೇ ಹೊರಗಿಟ್ಟಿತು. ಪಗಾರ ಪಡೆದು ಮಂದಿ ಮನೆಯಲ್ಲಿ ದುಡಿಯುವವಳದೇ ಈ ಗತಿಯಾದರೆ ಸೊಸೆಯ ಪಾಡೇನು? ಅಹ್ಮದಾಬಾದಿನಲ್ಲಿ ಇಳಾ ಭಟ್ ಅವರು ಸ್ವಂತ ದುಡಿಮೆಯ ಹೆಂಗಸರ ಸಂಘ 'ಸೇವಾ'ವನ್ನು ನೋಂದಾಯಿಸಲು ಹೋದಾಗಲೂ, ನಿಮಗೆ ಮಾಲೀಕನೇ ಇಲ್ಲವಲ್ಲ, ಯಾರ ವಿರುದ್ಧ ಸಂಘ ಎಂಬ ತಕರಾರು ಎದ್ದಿತ್ತು. ನಾವು ಒಗ್ಗಟ್ಟಾಗಲಿಕ್ಕೆ ಸಂಘ ಎಂದು ವಾದಿಸಿ ಅವರು 1972ರಲ್ಲಿ ನೋಂದಣಿ ಪಡೆದರು.

ಸರಕಾರದ ದಫ್ತರಗಳು ನಮ್ಮನ್ನು ಏನೆಂದು ಬರೆದುಕೊಂಡಿದ್ದವು ಗೊತ್ತೆ? 2001ರ ಜನಗಣತಿಯಲ್ಲಿ ಮನೆಗೆಲಸ ಮಾಡುವ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಜೊತೆ 'ದುಡಿಯದವರ' ಗುಂಪಿಗೆ ಸೇರಿಸಲಾಗಿತ್ತು. 2010ರಲ್ಲಿ ಸುಪ್ರೀಂ ಕೋರ್ಟು ಅಪಘಾತ ಪರಿಹಾರದ ಒಂದು ಮೊಕದ್ದಮೆಯಲ್ಲಿ ಇದನ್ನು ಎತ್ತಿ ಹೇಳಿ ಖಂಡಿಸಿತು. 2021ರ ಜನವರಿಯಲ್ಲಿ ಇನ್ನೊಂದು ಅಪಘಾತದ ಮೊಕದ್ದಮೆಯಲ್ಲಿ ಅದೇ ಕೋರ್ಟು, ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟಲೇಬೇಕು ಎಂದಿತು. ಆಗ ಅದು ಎದುರಿಗಿಟ್ಟುಕೊಂಡದ್ದು 2019ರ ಸಮಯ ಬಳಕೆಯ ಸಮೀಕ್ಷೆಯನ್ನು. ಕೂಲಿಯಿಲ್ಲದ ಮನೆಗೆಲಸಕ್ಕೆ ದಿನಕ್ಕೆ ಹೆಂಗಸರದು 299 ನಿಮಿಷ, ಗಂಡಸರದು 97 ನಿಮಿಷ. ಯಾರೋ ಮನೆಮನೆಗೆ ಹೋಗಿ ನಿಮಿಷ ಎಣಿಸಿ ಬರೆದದ್ದರಿಂದ ಅಲ್ಲವೆ ಕೋರ್ಟು ಆ ಮಾತು ಆಡಲು ಸಾಧ್ಯವಾದದ್ದು?

ಎಣಿಸಿ ಎಂದು ಹಟ ಹಿಡಿದು ಕೂತ ಗೃಹಿಣಿಯೊಬ್ಬಳ ಕತೆ ಕೆನಡಾ ದೇಶದಲ್ಲಿದೆ. ಸ್ಯಾಸ್ಕಟೂನ್ ಎಂಬ ಊರಿನ ಕೆರಲ್ ಲೀಸ್, ಮಕ್ಕಳನ್ನು ಬೆಳೆಸಿದ ತಾಯಿ. 1991ರ ಜನಗಣತಿಯ ಅರ್ಜಿ ಬಂದಾಗ, ಅದರ ಪ್ರಕಾರ ತಾನು ದುಡಿದವಳೇ ಅಲ್ಲ ಎಂಬುದನ್ನು ಕಂಡಳು. ತುಂಬುವುದಿಲ್ಲ ಎಂದಳು. ಜೈಲಿನ ಬೆದರಿಕೆ ಬಂದರೂ ಬಗ್ಗಲಿಲ್ಲ. ಅಲ್ಲಿಯ ಮಹಿಳಾ ಸಂಘಟನೆಗಳೂ ದನಿಗೂಡಿಸಿದವು. 1996ರ ಕೆನಡಾದ ಜನಗಣತಿಯಲ್ಲಿ, ಮನೆಗೆಲಸಕ್ಕೆ, ಮಕ್ಕಳ ಆರೈಕೆಗೆ, ವಯಸ್ಸಾದವರ ಸೇವೆಗೆ ವಾರಕ್ಕೆ ಎಷ್ಟು ತಾಸು ಎಂಬ ಪ್ರಶ್ನೆ ಸೇರಿತು. 2001 ಮತ್ತು 2006ರಲ್ಲೂ ಕೇಳಿದರು. 2011ರ ಹೊತ್ತಿಗೆ ಮತ್ತೆ ತೆಗೆದುಹಾಕಿದರು. ಗೆದ್ದದ್ದನ್ನು ಕಾಯದಿದ್ದರೆ ಕೈಬಿಡುತ್ತದೆ ಎಂಬ ಪಾಠವೂ ಈ ಕತೆಯಲ್ಲೇ ಇದೆ.

ಹುಂಡಾಕ್ಕೂ ಈ ಎಣಿಕೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ವರದಕ್ಷಿಣೆ ನಿಂತಿರುವುದು ಒಂದು ಸುಳ್ಳಿನ ಮೇಲೆ. ಹೆಣ್ಣು ಎಂದರೆ ಉಣ್ಣುವ ಬಾಯಿ, ದುಡಿಯುವ ಕೈ ಅಲ್ಲ. ಅವಳ ಭಾರ ಹೊರುವವರಿಗೆ ಏನಾದರೂ ಕೊಡಬೇಕು ಎಂಬ ಸುಳ್ಳು ಅದು. ಅವಳ ದುಡಿಮೆ ಕಾಣದಂತೆ ಇರುವವರೆಗೆ ಈ ಸುಳ್ಳು ನಿಜದಂತೆ ನಡೆಯುತ್ತದೆ. ಹುಂಡಾ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ ಎಂದು 1961ರಲ್ಲೇ ಕಾಯ್ದೆ ಆಯಿತು. ಕಾಯ್ದೆ ಗಟ್ಟಿಯಾಗಬೇಕು, ಸರಿ. ಜೊತೆಗೆ ಆ ಸುಳ್ಳನ್ನೂ ಲೆಕ್ಕ ಹಿಡಿದು ಒಡೆಯಬೇಕು.

ಇದಕ್ಕೆ ಇನ್ನೊಂದು ಮಗ್ಗುಲಿದೆ. 'ಹೆಂಗಸು ನಾಕು ಕಾಸು ದುಡಿದರೆ ಸಾಕು, ಯಾರೂ ಹೊಡೆಯುವುದಿಲ್ಲ' ಎಂದು ನಾವೇ ಸಭೆಗಳಲ್ಲಿ ಹೇಳುತ್ತ ಬಂದಿದ್ದೇವೆ. ನನಗೆ ಈಗ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಸಂಘದಲ್ಲೇ ಪಗಾರದ ದಿನವೇ ಏಟು ತಿನ್ನುವವರಿದ್ದಾರೆ. ಕೆನಡಾದ ಕಾರ್ಮಿಕ ಸಂಘಟನೆಗಳ ಒಕ್ಕೂಟ ಅಲ್ಲಿಯ ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ದುಡಿಯುವವರ ಸಮೀಕ್ಷೆಯೊಂದನ್ನು ಮಾಡಿ 2014ರಲ್ಲಿ ಪ್ರಕಟಿಸಿತು. ಉತ್ತರಿಸಿದ 8,429 ಜನರಲ್ಲಿ ಮೂವರಿಗೆ ಒಬ್ಬರು ಸಂಗಾತಿಯಿಂದ ಹಿಂಸೆ ಕಂಡವರು. ಅವರಲ್ಲಿ 100ಕ್ಕೆ 82 ಜನ, ಇದರಿಂದ ಕೆಲಸಕ್ಕೆ ಪೆಟ್ಟು ಬಿತ್ತು ಎಂದರು. ಅರ್ಧಕ್ಕಿಂತ ಹೆಚ್ಚು ಜನರನ್ನು ಹಿಂಸೆ ಕೆಲಸದ ಜಾಗದವರೆಗೂ ಹಿಂಬಾಲಿಸಿತ್ತು. ಕೆಲಸವನ್ನೇ ಕಳೆದುಕೊಂಡವರೂ ಇದ್ದರು. ಮನೆಯ ಹಿಂಸೆ ಕಾರ್ಮಿಕ ಸಂಘದ ವಿಷಯವೂ ಹೌದು ಎಂದು ಅಲ್ಲಿಯ ಸಂಘಗಳು ಪಟ್ಟು ಹಿಡಿದವು. 2016ರಲ್ಲಿ ಮ್ಯಾನಿಟೋಬಾ ಪ್ರಾಂತ್ಯ, ಕೌಟುಂಬಿಕ ಹಿಂಸೆಗೆ ಗುರಿಯಾದವರಿಗೆ ಕೆಲಸದಿಂದ ರಜೆ ಕೊಡುವ ಕಾನೂನನ್ನು ಆ ದೇಶದಲ್ಲಿ ಮೊದಲು ಜಾರಿಗೆ ತಂದಿತು. ಅದರಲ್ಲಿ ಕೆಲವು ದಿನ ಪಗಾರ ಸಹಿತ. ಮನೆ ಬಿಟ್ಟು ಹೋಗಲು, ವಕೀಲರನ್ನು ಕಾಣಲು, ಮಕ್ಕಳ ಶಾಲೆ ಬದಲಿಸಲು ದಿನಗಳು ಬೇಕು. ಆ ದಿನಗಳಿಗಾಗಿ ನೌಕರಿ ಹೋಗಬಾರದು.

ನಮ್ಮಲ್ಲಿ ಇಂಥ ರಜೆ ಯಾರು ಕೊಡುತ್ತಾರೆ? ಮುಖ ಬಾತುಕೊಂಡ ದಿನ ಮೆಸ್ಸಿಗೆ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಎರಡು ದಿನ ತಪ್ಪಿಸಿದರೆ ಇನ್ನೊಬ್ಬಳು ಬಂದಿರುತ್ತಾಳೆ. ಆದರೂ ನಮ್ಮ ಕೈಯಲ್ಲಿ ಒಂದು ಕಾಯ್ದೆ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಏಟನ್ನು ಮಾತ್ರವಲ್ಲ, ಆರ್ಥಿಕ ದೌರ್ಜನ್ಯವನ್ನೂ ಹಿಂಸೆ ಎನ್ನುತ್ತದೆ. ಅದರ ನಿಯಮಗಳ ಜೊತೆಗಿರುವ ನಮೂನೆಗಳಲ್ಲಿ, ಕೆಲಸಕ್ಕೆ ಹೋಗದಂತೆ ತಡೆಯುವುದು, ಪಗಾರ ಕಸಿದುಕೊಳ್ಳುವುದು, ಅವಳ ದುಡ್ಡನ್ನು ಅವಳೇ ಬಳಸದಂತೆ ಮಾಡುವುದು ಎಲ್ಲ ಹೆಸರು ಹಿಡಿದು ಬರೆದಿವೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದರ ಸಂರಕ್ಷಣಾಧಿಕಾರಿಗಳು. ಅವರ ಮುಂದೆ ಕೂತಾಗ ಅವರೂ ಅದನ್ನೇ ಕೇಳುತ್ತಾರೆ: ಎಷ್ಟು ದುಡಿಯುತ್ತಿದ್ದಿ, ಯಾವಾಗಿನಿಂದ, ಯಾರು ಕಸಿದುಕೊಂಡರು, ಸಾಕ್ಷಿ ಏನು?

ಬರೆದಿಟ್ಟ ದುಡಿಮೆಗೆ ಎಷ್ಟು ಬಲ ಇರುತ್ತದೆ ಎಂಬುದನ್ನು ನಾವು ಬೆಂಗಳೂರಿನಲ್ಲಿ ನೋಡಿದ್ದೇವೆ. 2016ರಲ್ಲಿ ಕೇಂದ್ರ ಸರಕಾರ, ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಮಾಡಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. 19ರಂದೇ ಸರಕಾರ ನಿಯಮ ಹಿಂತೆಗೆದುಕೊಂಡಿತು. ಅವರಿಗೆ ಸಿಟ್ಟಿತ್ತು, ಸಂಖ್ಯೆಯಿತ್ತು. ಜೊತೆಗೆ ಪ್ರತಿಯೊಬ್ಬಳ ಹೆಸರಿನಲ್ಲಿ ಒಂದು ಖಾತೆ ಇತ್ತು. ಇಷ್ಟು ವರ್ಷ ದುಡಿದಿದ್ದೇನೆ, ಇಷ್ಟು ನನ್ನದು ಎಂದು ಹೇಳಲು ಕಾಗದ ಇತ್ತು.

ನಮ್ಮ ಹತ್ತಿರವೇ ನೋಡಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ. ಧಾರವಾಡ ತಾಲೂಕಿನ ಗರಗದಲ್ಲೂ ಧ್ವಜದ ಖಾದಿ ಆಗುತ್ತದೆ. ಈ ಕೆಲಸದಲ್ಲಿ ಹೆಚ್ಚಿನವರು ಹೆಂಗಸರು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಪಾಲಿಸ್ಟರ್ ಮತ್ತು ಯಂತ್ರದ ಧ್ವಜಗಳಿಗೂ ಒಪ್ಪಿಗೆ ಸಿಕ್ಕಾಗ ಬೆಂಗೇರಿಯಿಂದ ವಿರೋಧದ ದನಿ ಎದ್ದಿತು. ಸಂಸ್ಥೆ ಇತ್ತು, ಲೆಕ್ಕ ಇತ್ತು, ಹಾಗಾಗಿ ಹೊಟ್ಟೆಗೆ ಬಿದ್ದ ಪೆಟ್ಟನ್ನು ಊರಿಗೆ ಹೇಳಲು ಆಯಿತು. ರೊಟ್ಟಿ ಬಡಿಯುವವಳ ಹೊಟ್ಟೆಗೆ ಪೆಟ್ಟು ಬಿದ್ದರೆ ಓಣಿಗೂ ತಿಳಿಯುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಪ್ರತಿ ಸಂಘ ಸಾಲ-ಉಳಿತಾಯದ ಪುಸ್ತಕದ ಜೊತೆಗೆ ಒಂದು ದುಡಿಮೆಯ ಪುಸ್ತಕ ಇಡಲಿ. ಹೆಚ್ಚು ಬೇಡ, ಐದು ಕಾಲಂ ಸಾಕು: ಈ ವಾರ ಏನು ಕೆಲಸ ಮಾಡಿದೆ, ಎಷ್ಟು ತಾಸು, ಕೂಲಿ ಎಷ್ಟು ಬಂತು, ಅದು ಯಾರ ಕೈಗೆ ಹೋಯಿತು, ಕೆಲಸ ತಪ್ಪಿದ್ದರೆ ಯಾಕೆ ತಪ್ಪಿತು. ಮನೆಯ ಕೆಲಸವನ್ನೂ ಬರೆಯಿರಿ, ಗಂಡನ ಅಂಗಡಿ, ಮಾವನ ಹೊಲದ ಕೆಲಸವನ್ನೂ ಬರೆಯಿರಿ. ಬರೆಯಲು ಬಾರದವಳು ಹೇಳಲಿ, ಬರುವವಳು ಬರೆಯಲಿ. ಕೊನೆಯಲ್ಲಿ ಇಬ್ಬರು ಸಹಿ ಮಾಡಲಿ. ಪುಸ್ತಕ ಸಂಘದ ಪೆಟ್ಟಿಗೆಯಲ್ಲೇ ಇರಲಿ, ಯಾರ ಮನೆಗೂ ಹೋಗುವುದು ಬೇಡ. ಕಣ್ಣಿಗೆ ಬಿದ್ದರೆ ಅದಕ್ಕೂ ಏಟು ಬೀಳುವ ಮನೆಗಳಿವೆ.

ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ ಮಾಡಿ ಎರಡೂ ಕಡೆಯವರು ಸಹಿ ಹಾಕಬೇಕು ಎಂದು 1985ರ ನಿಯಮವೇ ಹೇಳುತ್ತದೆ. ನಮ್ಮ ಮಕ್ಕಳ ಮದುವೆಯಲ್ಲಿ ಎಷ್ಟು ಜನ ಮಾಡಿದ್ದೇವೆ? ಆ ಪಟ್ಟಿ ಬರೆಯುವ ಕೆಲಸವನ್ನೂ ಸಂಘ ಹೊರಲಿ. 2021ರಲ್ಲಿ ಶುರುವಾದ ಇ-ಶ್ರಮ್ ನೋಂದಣಿ ಮಾಡಿಸದವರು ಮಾಡಿಸಿಕೊಳ್ಳಿ. ಅದರಿಂದ ನಾಳೆಯೇ ಏನೋ ಸಿಗುತ್ತದೆ ಎಂದಲ್ಲ, ನೀವು ಕಾರ್ಮಿಕಳು ಎಂದು ಒಂದು ಕಡೆ ಬರೆದಂತಾಗುತ್ತದೆ.

ಕೊನೆಯದು, ಬಹಳ ಕಷ್ಟದ್ದು. ಹುಂಡಾಕ್ಕೆ ಸಂಘದ ಸಾಲ ಕೊಡಬಾರದು. 'ನೀವು ಕೊಡದಿದ್ದರ ಬಡ್ಡಿಯವರ ಹತ್ರ ಹೋಗ್ತೇವಿ, ಮದುವಿ ನಿಂತರ ನೀವ ಬರ್ತೀರೇನು' ಎಂದು ಕೇಳುವ ತಾಯಿಗೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಆದರೂ, ಹುಡುಗಿಯ ಹೆಸರಿನಲ್ಲಿ ಹೊಲಿಗೆ ಯಂತ್ರಕ್ಕೆ, ಓದಿಗೆ, ಅವಳದೇ ಖಾತೆಗೆ ಸಾಲ ಕೊಡೋಣ. ಹುಂಡಾಕ್ಕೆ ಬೇಡ. ನಮ್ಮ ಹನಿಹನಿ ಉಳಿತಾಯ ನಮ್ಮ ಹುಡುಗಿಯರ ಮೇಲೆ ಕೈಯೆತ್ತುವವರ ಜೇಬಿಗೆ ಹೋಗುವುದಾದರೆ ಸಂಘ ಯಾತಕ್ಕೆ?

ಪುಸ್ತಕ ಬರೆದ ಮಾತ್ರಕ್ಕೆ ಕೋರ್ಟಿನಲ್ಲಿ ಗೆಲ್ಲುತ್ತೇವೆ ಎಂದು ನಾನು ಹೇಳುವುದಿಲ್ಲ. ನಮ್ಮ ಓಣಿಗಳಿಗೂ ಆಗಾಗ ಪ್ರಶ್ನಾವಳಿ ಹಿಡಿದವರು ಬರುತ್ತಾರೆ, ನಮ್ಮನ್ನು ಕೇಳಿ ಬರೆದುಕೊಂಡು ಹೋಗುತ್ತಾರೆ. ಅವರು ಬರೆದದ್ದು ನಮ್ಮ ಕೈಗೆ ತಿರುಗಿ ಬರುವುದಿಲ್ಲ. ನಮ್ಮ ಪುಸ್ತಕ ನಮ್ಮ ಹತ್ತಿರವೇ ಇರುತ್ತದೆ. 'ಎಲ್ಲೆ ಬರದೈತಿ' ಎಂದು ಯಾರಾದರೂ ಕೇಳಿದರೆ ತೆರೆದು ತೋರಿಸಬಹುದು.

ನಮ್ಮ ಸಂಘದಲ್ಲಿ ದುಡಿಮೆಯ ಪುಸ್ತಕ ಶುರುವಾಗಿದೆ. ಆ ಹುಡುಗಿ ಈಗ ನಮ್ಮ ಸದಸ್ಯೆ. ಇಲ್ಲಿಯ ಎರಡು ಮೆಸ್ಸುಗಳಿಗೆ ರೊಟ್ಟಿ ಕೊಡುತ್ತಾಳೆ. ಮೊಕದ್ದಮೆ ನಡೆದಿದೆ. ಪುಸ್ತಕ ಶುರು ಮಾಡಿದ ದಿನ ಅವಳ ತಾಯಿ, "ಆ ಎಮ್ಮಿ ಅನ್ನೋದನ್ನ ಹೊಡದ ಹಾಕ್ರಿ ಅಕ್ಕಾರ" ಎಂದಳು. ನಾನು ಹೊಡೆದು ಹಾಕಲಿಲ್ಲ. ಅದರ ಪಕ್ಕದಲ್ಲೇ 'ಇದು ಎಮ್ಮೆಗಲ್ಲ, ಹುಂಡಾಕ್ಕೆ ಕೊಟ್ಟ ಸಾಲ. ಗೊತ್ತಿದ್ದೂ ಬರೆದವಳು ನಾನು' ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದೆ. ಉಳಿದ ಹದಿನಾಲ್ಕು ಜನರೂ ಅದರ ಕೆಳಗೆ ಸಹಿ, ಹೆಬ್ಬೆಟ್ಟು ಹಾಕಿದರು.

ನಿಮ್ಮ ಪುಸ್ತಕಗಳಲ್ಲಿ ಎಷ್ಟು ಎಮ್ಮೆಗಳಿವೆ? ಮುಂದಿನ ವಾರದ ಸಭೆಯಲ್ಲಿ ತೆಗೆದು ನೋಡಿ. ಬರುವಾಗ ಒಂದು ಖಾಲಿ ಪುಸ್ತಕವನ್ನೂ ತನ್ನಿ.